ಗಂಗಾವಳಿಯ ಸುದ್ದಿ ಯಾರ ಕೈಯಲ್ಲಿ?

(ಅಂಕೋಲೆಯಲ್ಲಿ ಸೇರಿದ್ದ ಕಾರವಾರ, ಅಂಕೋಲಾ ಹಾಗೂ ಘಟ್ಟದ ಮೇಲಿನ ತಾಲೂಕುಗಳ ಯುವಜನರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಯುವಜನರೇ ನಡೆಸುವ ಸ್ವತಂತ್ರ ಸಮುದಾಯ ಮಾಧ್ಯಮ’ ಎಂಬುದು. ಹೆಸರು ಸ್ವಲ್ಪ ದೊಡ್ಡದಾಯಿತು. ನಮ್ಮೂರಿನ ಸುದ್ದಿಯನ್ನು ನಾವೇ ಸಂಗ್ರಹಿಸಿ, ನಾವೇ ಪರಿಶೀಲಿಸಿ, ನಮ್ಮವರಿಗೆ ಸಕಾಲದಲ್ಲಿ ತಲುಪಿಸುವ ಒಂದು ವ್ಯವಸ್ಥೆ ಎಂದಷ್ಟೇ ಇದನ್ನು ತಿಳಿದುಕೊಳ್ಳೋಣ. ಅದು ಕಾಗದದಲ್ಲಿರಬಹುದು, ಧ್ವನಿಯಲ್ಲಿರಬಹುದು, ಮೊಬೈಲ್ ಪರದೆಯ ಮೇಲೂ ಇರಬಹುದು. ಯಾವುದರಲ್ಲಿ ಎಂಬ ಪ್ರಶ್ನೆಯನ್ನು ಆಮೇಲೆ ಎತ್ತಿಕೊಳ್ಳೋಣ. ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಕುಮಟೆಯ ಕಡೆಗೆ ಹೆದ್ದಾರಿ ಹಿಡಿದರೆ ಶಿರೂರು ಸಿಗುತ್ತದೆ.

2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿಯಿತು. ರಸ್ತೆ ಅಗಲ ಮಾಡುವುದಕ್ಕಾಗಿ ಕಡಿದು ನಿಲ್ಲಿಸಿದ್ದ ಗುಡ್ಡ ಅದು. ರಸ್ತೆಬದಿಯ ಚಹಾದಂಗಡಿಯೂ ಅದನ್ನು ನಡೆಸುತ್ತಿದ್ದ ಸಂಸಾರವೂ ಮಣ್ಣಿನೊಡನೆ ಗಂಗಾವಳಿಯ ಪಾಲಾದವು. ವಾಹನಗಳು ನದಿಗೆ ಬಿದ್ದವು. ಅಷ್ಟು ಮಣ್ಣು ಒಮ್ಮೆಲೇ ನದಿಗಿಳಿದ ರಭಸಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳ ಮೇಲೆ ಅಪ್ಪಳಿಸಿತು. ಒಟ್ಟು 11 ಮಂದಿಯನ್ನು ನಾವು ಕಳೆದುಕೊಂಡೆವು.

ಮುಂದಿನದು ನಿಮಗೆಲ್ಲ ನೆನಪಿದೆ. ಕಾಣೆಯಾದವರಲ್ಲಿ ಕೇರಳದ ಲಾರಿ ಚಾಲಕರೊಬ್ಬರಿದ್ದರು. ಆ ರಾಜ್ಯದ ವಾಹಿನಿಗಳು ಇಲ್ಲಿ ಹಗಲಿರುಳು ಬೀಡುಬಿಟ್ಟವು. ಹುಡುಕಾಟ ನಿಂತಾಗಲೆಲ್ಲ ಅಲ್ಲಿನ ಜನ ಪ್ರಶ್ನೆ ಕೇಳಿದರು, ಮಂತ್ರಿಗಳು ಬಂದರು, ಗೋವಾದಿಂದ ಡ್ರೆಜರ್ ಬಂತು. ಸೆಪ್ಟೆಂಬರ್ 25ರಂದು, ಎಪ್ಪತ್ತಕ್ಕೂ ಹೆಚ್ಚು ದಿನಗಳ ನಂತರ, ಲಾರಿಯನ್ನೂ ಅದರಲ್ಲಿದ್ದ ದೇಹವನ್ನೂ ಮೇಲೆತ್ತಲಾಯಿತು. ಇದು ಆಗಲೇಬೇಕಾಗಿದ್ದ ಕೆಲಸ. ದುಡಿದು ತಿನ್ನುವ ಒಬ್ಬ ಮನುಷ್ಯನಿಗಾಗಿ ಒಂದು ನಾಡು ಹೀಗೆ ಪಟ್ಟು ಹಿಡಿದದ್ದನ್ನು ಕಂಡು ನಾನು ತಲೆಬಾಗಿದ್ದೇನೆ. ಆ ವಾಹಿನಿಗಳಿಗೆ ಅವರದೇ ಕೇಳುಗರಿದ್ದರು, ಅವರಿಗಾಗಿ ಅವು ಬಂದವು. ನಮ್ಮ ಜಿಲ್ಲೆಯ ವರದಿಗಾರರೂ ಮಳೆಯಲ್ಲಿ ನೆನೆದು ಕೆಲಸ ಮಾಡಿದರೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆದರೆ ಹೊರಗಿನ ಕ್ಯಾಮೆರಾಗಳ ಮುಖ ಬಹುತೇಕ ಹೆದ್ದಾರಿಯ ಕಡೆಗಿತ್ತು. ಆಚೆ ದಂಡೆಯ ಉಳುವರೆಗೆ ಅವುಗಳಲ್ಲಿ ಸಿಕ್ಕ ಜಾಗ ಸಣ್ಣದು. ಅದೇ ಮಣ್ಣಿನಡಿ ಸಿಕ್ಕ ಸ್ಥಳೀಯರ ಮನೆಯವರು ತಮ್ಮವರ ಹುಡುಕಾಟ ಎಲ್ಲಿಗೆ ಬಂತೆಂದು ತಿಳಿಯಲು ಯಾರ ಮುಖ ನೋಡಬೇಕಾಗಿತ್ತು? ಅವರ ಪರವಾಗಿ ದಿನವೂ ಅದೇ ಪ್ರಶ್ನೆಯನ್ನು ಕೇಳುವ ದನಿ ಯಾವುದಿತ್ತು?

ಇದು ದುರಂತದ ನಂತರದ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಅದಕ್ಕೆ ಮುಂಚಿನ ಸುದ್ದಿ. ಗುಡ್ಡ ಒಂದೇ ದಿನದಲ್ಲಿ ಕುಸಿಯಲು ನಿರ್ಧರಿಸುವುದಿಲ್ಲ. ಬಿರುಕು ಬಿಡುತ್ತದೆ, ಮರ ವಾಲುತ್ತದೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುತ್ತದೆ, ಇಲ್ಲವೇ ಹಿಂದೆಂದೂ ಕಾಣದ ಕಡೆ ನೀರು ಜಿನುಗುತ್ತದೆ. ಇವನ್ನು ಮೊದಲು ಕಾಣುವವರು ದನ ಮೇಯಿಸುವವರು, ಸೊಪ್ಪು ತರುವ ಹೆಂಗಸರು, ಶಾಲೆಗೆ ನಡೆದು ಹೋಗುವ ಮಕ್ಕಳು. ಪತ್ರಿಕೆಗಳ ಮಟ್ಟಿಗೆ ಇದು ಸುದ್ದಿಯಲ್ಲ. ಒಂದು ತಾಲೂಕಿಗೆ ಒಬ್ಬ ವರದಿಗಾರನಿರುವ ದೊಡ್ಡ ಪತ್ರಿಕೆಗೆ ಗುಡ್ಡದ ಬಿರುಕು ಸುದ್ದಿಯಾಗುವುದು ಗುಡ್ಡ ಬಿದ್ದ ಮೇಲೆಯೇ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜೀವಗಳು ಹೋದವು. ಅಲ್ಲಿಂದ ಶಿರೂರಿಗೆ ಹದಿನೈದು ವರ್ಷಗಳ ಅಂತರ. ಈ ಹದಿನೈದು ವರ್ಷಗಳಲ್ಲಿ ನಮ್ಮ ಎರಡು ತಾಲೂಕುಗಳಲ್ಲಿ ಯಾವ ಗುಡ್ಡ ಎಲ್ಲಿ ಬಿರಿದಿದೆ ಎಂಬುದನ್ನು ಊರವರೇ ಬರೆದಿಟ್ಟ ಒಂದು ನೋಟುಬುಕ್ಕನ್ನಾದರೂ ನಾನು ಕಂಡಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ. ನಾವೆಲ್ಲ ಮನವಿಪತ್ರ ಬರೆಯುವುದರಲ್ಲಿ ಮಗ್ನರಾಗಿದ್ದೆವು.

ನೀರಿನ ಸುದ್ದಿಯ ಕತೆಯೂ ಇದೇ. ಘಟ್ಟದ ಮೇಲಿನಿಂದ ಬಂದ ಮಿತ್ರರು ಇದನ್ನು ಗಮನವಿಟ್ಟು ಕೇಳಬೇಕು. ನೀವು ಯಲ್ಲಾಪುರದಲ್ಲಿ ಬೇಡ್ತಿ ಎನ್ನುವುದನ್ನೇ ನಾವು ಇಲ್ಲಿ ಗಂಗಾವಳಿ ಎನ್ನುತ್ತೇವೆ. ಶಿರಸಿಯ ಕಡೆಯ ಶಾಲ್ಮಲೆಯೂ ಅದಕ್ಕೇ ಸೇರುತ್ತಾಳೆ. ಮಾಗೋಡಿನಲ್ಲಿ ಧುಮುಕಿದ ನೀರು ನಮ್ಮ ಗದ್ದೆಗೆ ಬಂದು ನಿಲ್ಲಲು ಕೆಲವು ತಾಸು ಸಾಕು. 2021ರ ಜುಲೈ ತಿಂಗಳ ಮಹಾಪೂರದಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಕಳಚೆಯಲ್ಲಿ ಗುಡ್ಡವೇ ಜಾರಿತು, ಕೆಳಗೆ ಅಂಕೋಲೆಯ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ಅತ್ತ ಕಾಳಿಯ ದಂಡೆಯಲ್ಲಿ 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯ ಬಾಗಿಲುಗಳನ್ನು ತೆರೆದಾಗ ಕದ್ರಾ, ಮಲ್ಲಾಪುರದ ಜನ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಸರ್ಕಾರದ ಮುನ್ನೆಚ್ಚರಿಕೆಯ ವ್ಯವಸ್ಥೆ ಇಲ್ಲವೆಂದು ನಾನು ಹೇಳುತ್ತಿಲ್ಲ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ, ‘ವರುಣಮಿತ್ರ’ ಎಂಬ ಸಹಾಯವಾಣಿಯನ್ನೂ ಇಟ್ಟಿದೆ. ಆದರೆ ಅಲ್ಲಿರುವ ಅಂಕಿಯನ್ನು ‘ಅಜ್ಜಿ, ರಾತ್ರಿ ನೀರು ಅಂಗಳಕ್ಕೆ ಬರುತ್ತದೆ, ದನ ಬಿಚ್ಚಿ ಬಿಡು’ ಎಂಬ ಮಾತಾಗಿ ಮಾರ್ಪಡಿಸಿ ಮನೆ ಬಾಗಿಲಿಗೆ ತಲುಪಿಸುವವರು ಯಾರು? ನಾನು ಕಲ್ಪಿಸುವ ಸಮುದಾಯ ಮಾಧ್ಯಮದ ಮೊದಲ ಕೆಲಸ ಇದು. ಲೇಖನ, ಸಂದರ್ಶನ, ಕವಿತೆಗಳೆಲ್ಲ ಇದರ ನಂತರದವು.

ಇನ್ನೊಂದು ಬಗೆಯ ಸುದ್ದಿಯಿದೆ. ಅದು ತಾನಾಗಿ ತಡವಾಗುವುದಿಲ್ಲ, ತಡೆಯಲ್ಪಡುತ್ತದೆ. 2009ರ ನವೆಂಬರ್ 24ರಂದು ಕೈಗಾ ಅಣುಸ್ಥಾವರದ ಕುಡಿಯುವ ನೀರಿನಲ್ಲಿ ಟ್ರಿಟಿಯಂ ಬೆರೆತು ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಸೇರಿದ್ದು ಪತ್ತೆಯಾಯಿತು. ಹೊರಜಗತ್ತಿಗೆ ಇದು ತಿಳಿದದ್ದು ಕೆಲವು ದಿನ ಕಳೆದ ಮೇಲೆ. ನಡುವಿನ ಆ ದಿನಗಳಲ್ಲಿ ಕಾರವಾರದ ಪೇಟೆಯಲ್ಲಿ ಏನೇನು ವದಂತಿ ಹಬ್ಬಿತ್ತೆಂಬುದನ್ನು ಅಂದು ಇಲ್ಲಿದ್ದವರು ಬಲ್ಲರು. ಸುದ್ದಿಯಿಲ್ಲದ ಜಾಗದಲ್ಲಿ ವದಂತಿ ಬೆಳೆಯುತ್ತದೆ. ಅದಕ್ಕೆ ಗೊಬ್ಬರ ಬೇಕಾಗಿಲ್ಲ. ಅಣುಸ್ಥಾವರ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಅಂಥ ದಿನ ಬೇಕಾಗಿದ್ದದ್ದು ಒಂದೇ: ನಂಬಬಹುದಾದ ನಾಲ್ಕು ಸಾಲು.

ಈಗ ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. ವಿದ್ಯಾರ್ಥಿಗಳಿಗೆ ಇದು ಬೇಸರದ ಭಾಗವೆನಿಸಬಹುದು, ಆದರೂ ಸ್ವಲ್ಪ ತಾಳ್ಮೆಯಿರಲಿ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ನೀಡುವ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದು 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಸಭೆಗೆ ಕನಿಷ್ಠ 30 ದಿನ ಮುಂಚಿತವಾಗಿ ತಿಳಿವಳಿಕೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಪೂರ್ತಿ ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತದಲ್ಲಿ ನೋಡಲು ಸಿಗಬೇಕು. ಪ್ರಕಟಣೆ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಬರಬೇಕು. ಪತ್ರಿಕೆ ತಲುಪದ ಊರುಗಳಲ್ಲಿ ಡಂಗುರ ಹೊಡೆಸಿಯಾದರೂ ತಿಳಿಸಬೇಕು ಎಂಬ ಮಾತೂ ಅದರಲ್ಲಿದೆ! ಸಭೆಯ ಪೂರ್ತಿ ನಡಾವಳಿಯ ವಿಡಿಯೋ ಚಿತ್ರೀಕರಣವೂ ಕಡ್ಡಾಯ.

ಇದನ್ನು ಓದಿ ನಮ್ಮ ಕೇಣಿಯನ್ನು ನೆನೆಯಿರಿ. ಅಲ್ಲಿ ಪ್ರಸ್ತಾಪಿತವಾಗಿರುವ ವಾಣಿಜ್ಯ ಬಂದರನ್ನು ವಿರೋಧಿಸಿ 2025ರಲ್ಲಿ ಮೀನುಗಾರರು ಬೀದಿಗಿಳಿದರು. ಆ ವರ್ಷದ ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ಅಹವಾಲು ಸಭೆಯೂ ನಡೆಯಿತು. ಜನ ಸಾಗರದಂತೆ ಬಂದರು ಎಂಬುದು ನಮಗೆಲ್ಲ ಹೆಮ್ಮೆ. ಆದರೆ ನಾನು ಒಂದು ಕಹಿ ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಆ ಮೂವತ್ತು ದಿನಗಳಲ್ಲಿ ವರದಿಯ ಪುಟಗಳನ್ನು ಕುಳಿತು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಅದರಲ್ಲಿ ಮೀನಿನ ಬಗ್ಗೆ, ಗಜನಿಯ ಬಗ್ಗೆ, ಹೂಳೆತ್ತುವುದರ ಬಗ್ಗೆ ಬರೆದದ್ದನ್ನು ಮೀನುಗಾರ ತಾಯಿಗೆ ಅರ್ಥವಾಗುವ ಕೊಂಕಣಿಯಲ್ಲೋ ಕನ್ನಡದಲ್ಲೋ ತಿಳಿಹೇಳಿದವರು ಎಷ್ಟು ಮಂದಿ? ಘೋಷಣೆ ಕೂಗಲು ಸಾವಿರ ಕಂಠಗಳಿವೆ, ನೂರು ಪುಟ ಓದಲು ಹತ್ತು ಜೊತೆ ಕಣ್ಣುಗಳಿಲ್ಲ ಎಂಬುದು ನಮ್ಮ ಚಳವಳಿಗಳ ಹಳೆಯ ಕಾಯಿಲೆ. 2020ರ ಜನವರಿಯಲ್ಲಿ ಕಾರವಾರದ ಕಡಲತೀರದಲ್ಲಿ ಬಂದರು ವಿಸ್ತರಣೆಯ ವಿರುದ್ಧ ಹೋರಾಟ ನಡೆದಾಗಲೂ ಇದನ್ನೇ ಕಂಡೆ. ಓದುವ ಕೆಲಸಕ್ಕೆ ಕಾಲೇಜಿನ ಹುಡುಗ ಹುಡುಗಿಯರಿಗಿಂತ ಯೋಗ್ಯರು ಇನ್ನಾರಿದ್ದಾರೆ? ಸಾರಾಂಶದ ಸಾರಾಂಶವನ್ನು ಎರಡು ಪುಟಗಳಲ್ಲಿ ಬರೆದು, ಯೋಜನೆಯವರು ಹೇಳುವುದೇನು, ಮೀನುಗಾರರು ಹೇಳುವುದೇನು, ವರದಿಯಲ್ಲಿ ಯಾವ ಪುಟದಲ್ಲಿ ಏನಿದೆ ಎಂದು ಇಟ್ಟರೆ ಸಾಕು. ನಿರ್ಣಯವನ್ನು ಜನ ತಾವೇ ಮಾಡುತ್ತಾರೆ.

ಈ ನೆಲಕ್ಕೆ ಇದು ಹೊಸದೇನೂ ಅಲ್ಲ. 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲೆ, ಆಮೇಲಿನ ಕರನಿರಾಕರಣೆಯ ಅಂಕೋಲೆ, ಪತ್ರಿಕೆಯ ಬಲವನ್ನೂ ಚೆನ್ನಾಗಿ ಅರಿತಿತ್ತು. ಅಲಗೇರಿಯ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು, ಶಾಲೆಗಳನ್ನು ತೆರೆದರು. ಅದರ ಜೊತೆಗೇ ‘ಜನಸೇವಕ’ ಎಂಬ ವಾರಪತ್ರಿಕೆಯನ್ನೂ ನಡೆಸಿದರು. ಅವರ ನಾಲ್ಕು ಸಾಲಿನ ಚುಟುಕಗಳನ್ನು ನಾವು ಇಂದು ಸಾಹಿತ್ಯವೆಂದು ಓದುತ್ತೇವೆ. ನನಗಂತೂ ಅವು ಮೊದಲಿಗೆ ಪತ್ರಿಕೋದ್ಯಮವೆಂದೇ ತೋರುತ್ತವೆ. ಅಕ್ಷರ ಬಾರದವನೂ ಒಮ್ಮೆ ಕೇಳಿ ಬಾಯಿಪಾಠ ಮಾಡಿ ಮುಂದಿನವನಿಗೆ ದಾಟಿಸಬಲ್ಲ ಸುದ್ದಿಯ ರೂಪ ಅದು. ಸಂಘಟನೆ, ಶಾಲೆ, ಪತ್ರಿಕೆ ಈ ಮೂರನ್ನೂ ಒಬ್ಬರೇ ಒಂದೇ ಕಾಲದಲ್ಲಿ ಕೈಗೆತ್ತಿಕೊಂಡದ್ದು ಯೋಗಾಯೋಗವಲ್ಲವೆಂದು ನನ್ನ ಭಾವನೆ.

ಹಾಗೆಂದು ಹಳೆಯ ವೈಭವವನ್ನೇ ನೆನೆಯುತ್ತ ಕೂರುವುದು ಬೇಡ. ನಮಗಿಂತ ಕಡಿಮೆ ಅನುಕೂಲವಿದ್ದವರು ಇತ್ತೀಚಿನ ದಶಕಗಳಲ್ಲಿ ಮಾಡಿ ತೋರಿಸಿದ್ದಾರೆ. ನಮ್ಮ ಕರಾವಳಿಯ ಕುಂದಾಪುರದ ಸೀಮೆಯಲ್ಲಿಯೂ ಬೇರುಬಿಟ್ಟ, ದುಡಿಯುವ ಮಕ್ಕಳದೇ ಆದ ‘ಭೀಮ ಸಂಘ’ಕ್ಕೆ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆಯಿತ್ತು. ಹೋಟೆಲಿನಲ್ಲಿ ತಟ್ಟೆ ತೊಳೆಯುವ, ಹೊಲದಲ್ಲಿ ಕೂಲಿ ಮಾಡುವ ಮಕ್ಕಳಿಗೆ ಪತ್ರಿಕೆ! ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಅವರ ಕೈಯಲ್ಲಿ ಅದಿರಲಿಲ್ಲ.

ಘಟ್ಟದ ಮೇಲಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ‘ಅಡಿಕೆ ಪತ್ರಿಕೆ’ ಕಾಣದವರು ವಿರಳ. 1988ರಲ್ಲಿ ಪುತ್ತೂರಿನಿಂದ ಹೊರಟ ಅದು ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ತಾನೇ ಮಾಡಿ ನೋಡಿದ್ದನ್ನು ತಾನೇ ಬರೆಯುವ ರೈತನಿಗೆ ಅದು ಬರವಣಿಗೆಯ ತರಬೇತಿ ಕೊಟ್ಟಿತೆಂಬುದು ನನಗೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಂಗಸರು, ಬಹುಪಾಲು ದಲಿತ ಹೆಂಗಸರು, ‘ಖಬರ್ ಲಹರಿಯಾ’ ಆರಂಭಿಸಿದರು. ಅವರು ಬರೆದದ್ದು ಗ್ರಂಥದ ಹಿಂದಿಯಲ್ಲಲ್ಲ, ಮನೆಯ ಬುಂದೇಲಿಯಲ್ಲಿ. ಮುದ್ರಣದಿಂದ ಅವರು ಮೊಬೈಲ್ ವಿಡಿಯೋಕ್ಕೆ ದಾಟಿದರು. ಅವರ ಬಗ್ಗೆ ತೆಗೆದ ‘ರೈಟಿಂಗ್ ವಿತ್ ಫೈರ್’ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಗೂ ಹೋಯಿತು. ಆದರೆ ಆ ಚಿತ್ರ ತಮ್ಮ ಕೆಲಸದ ಒಂದು ತುಣುಕನ್ನೇ ಇಡಿಯೆಂಬಂತೆ ತೋರಿಸಿದೆ ಎಂದು ಆಕ್ಷೇಪಿಸಿದವರೂ ಆ ಹೆಂಗಸರೇ! ಪ್ರೀತಿಯಿಂದ ಬಂದ ಹೊರಗಿನವರ ಕೈಯಲ್ಲೂ ನಮ್ಮ ಕತೆ ಸ್ವಲ್ಪ ಬೇರೆಯಾಗುತ್ತದೆ.

ರೇಡಿಯೋ ಮಾಡೋಣ ಎಂದು ನಿನ್ನೆ ರಾತ್ರಿ ನಿಮ್ಮಲ್ಲಿ ಕೆಲವರು ಉತ್ಸಾಹದಿಂದ ಹೇಳುತ್ತಿದ್ದಿರಿ. ಆ ಉತ್ಸಾಹಕ್ಕೆ ತಣ್ಣೀರು ಎರಚುವ ಮನಸ್ಸು ನನಗಿಲ್ಲ, ಆದರೂ ಲೆಕ್ಕ ನೋಡೋಣ. ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಅದನ್ನು ನಂಬಿ ಕಾರ್ಯಕ್ರಮ ತಯಾರಿಸತೊಡಗಿದಾಗ ಹಳ್ಳಿಗೆ ಪರವಾನಗಿ ಕೊಡುವ ಕಾನೂನೇ ಇರಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ಧ್ವನಿವರ್ಧಕದಲ್ಲಿ ಕೇಳಿಸಿದರು, ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಹರಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರ್‌ನಲ್ಲಿ. ತೆಲುಗು ನಾಡಿನ ಜಹೀರಾಬಾದಿನ ಬಳಿಯ ‘ಸಂಘಂ ರೇಡಿಯೋ’ವನ್ನು ದಲಿತ ಹೆಣ್ಣುಮಕ್ಕಳು 2008ರ ಅಕ್ಟೋಬರ್ 15ರಂದು ಬಾನಿಗೇರಿಸಿದರು. ನಮ್ಮ ರಾಜ್ಯದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಸರಗೂರಿನ ‘ಜನಧ್ವನಿ’ ಮುಂತಾದವು ಈ ದಾರಿಯಲ್ಲಿ ಬಂದವು.

ಆದರೆ ನಮಗೆ ಎರಡು ತೊಡಕುಗಳಿವೆ. ಮೊದಲನೆಯದು ಗುಡ್ಡ. ಸಮುದಾಯ ರೇಡಿಯೋದ ಪ್ರಸಾರಕ್ಕೆ 100 ವ್ಯಾಟ್ ಎಂಬ ಮಿತಿಯಿದೆ. ಬಯಲುಸೀಮೆಯಲ್ಲಿ ಅದು ಹತ್ತು ಹದಿನೈದು ಕಿಲೋಮೀಟರ್ ಹೋದೀತು. ಎಫ್‌ಎಂ ತರಂಗ ನೆಟ್ಟಗೆ ಸಾಗುವಂಥದ್ದು, ಬೆಟ್ಟವನ್ನು ಬಳಸಿ ಹೋಗದು. ಕಡಲಿಗೆ ತಾಗಿಯೇ ಗುಡ್ಡ ಎದ್ದು ನಿಂತಿರುವ ನಮ್ಮ ಸೀಮೆಯಲ್ಲಿ ಅಂಕೋಲೆಯಲ್ಲಿ ನಿಂತು ಮಾತಾಡಿದರೆ ಗಂಗಾವಳಿಯ ಕಣಿವೆಯ ಒಳಗಿನವರಿಗೆ ಕೇಳದೆ ಹೋಗಬಹುದು. ಎರಡನೆಯದು ಇನ್ನೂ ಗಂಭೀರ. ಸಮುದಾಯ ರೇಡಿಯೋ ಸ್ವಂತ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ ಬಿತ್ತರಿಸಬಹುದು ಅಷ್ಟೇ. ಹವಾಮಾನ, ಸಂಚಾರ, ನೀರು ವಿದ್ಯುತ್ತಿನಂಥ ನಾಗರಿಕ ಸೂಚನೆಗಳಿಗೆ ಅಡ್ಡಿಯಿಲ್ಲ. ಈ ನಿರ್ಬಂಧ ನನಗೆ ಸರಿಯೆನಿಸುವುದಿಲ್ಲ, ಆದರೆ ಇರುವುದು ಹಾಗೆ. ಜೊತೆಗೆ ನೋಂದಾಯಿತ ಸಂಸ್ಥೆಯಾಗಿ ಕೆಲವು ವರ್ಷ ಸೇವೆ ಸಲ್ಲಿಸಿದ ದಾಖಲೆಯೂ ಬೇಕು. ಆದ್ದರಿಂದ ರೇಡಿಯೋ ನಮ್ಮ ಐದನೆಯ ವರ್ಷದ ಕನಸಾಗಲಿ, ಮೊದಲ ವರ್ಷದ ಸಾಲವಾಗುವುದು ಬೇಡ.

ಹಾಗಾದರೆ ಮೊದಲ ವರ್ಷ ಏನು? ಇದನ್ನು ಹೇಳುವ ಮುನ್ನ ನನ್ನದೊಂದು ಹಳೆಯ ಕತೆ ಹೇಳಬೇಕು. ಅನೇಕ ವರ್ಷ ಯಾರಿಗೂ ಹೇಳಿರಲಿಲ್ಲ.

ಎಂಬತ್ತರ ದಶಕದಲ್ಲಿ ಘಟ್ಟದ ಮೇಲೆ ಕಾಡು ಉಳಿಸುವ ಕಾವು ಏರಿದ್ದ ದಿನಗಳು. ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡ 1983ರ ನಂತರದ ವರ್ಷಗಳು. ನಾವು ನಾಲ್ವರು ಗೆಳೆಯರು ಸೈಕ್ಲೋಸ್ಟೈಲ್ ಯಂತ್ರವೊಂದನ್ನು ಎರವಲು ತಂದು ತಿಂಗಳಿಗೊಂದು ಪತ್ರಿಕೆ ಹೊರಡಿಸುತ್ತಿದ್ದೆವು. ಸ್ಟೆನ್ಸಿಲ್ ಕೊರೆಯುವುದು ನನ್ನ ಕೆಲಸ, ಬೆರಳೆಲ್ಲ ಮಸಿ. ಕೊನೆಯ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಟ್ಟು ಕಳುಹಿಸುತ್ತಿದ್ದೆವು. ಒಂದು ಸಂಚಿಕೆಯಲ್ಲಿ ಕಳ್ಳನಾಟಾ ಸಾಗಣೆಯ ಸುದ್ದಿ ಬರೆದೆವು. ಅದರಲ್ಲಿ ಒಬ್ಬ ದಿನಗೂಲಿಯ ವಾಚರನ ಹೆಸರನ್ನು, ಅವನು ಲಾರಿಯವರೊಡನೆ ಶಾಮೀಲಾಗಿದ್ದನೆಂದು, ಹಾಕಿದೆವು. ಹೇಳಿದವರು ನಂಬಿಗಸ್ತರು, ನಾವು ನಂಬಿದೆವು. ಅವನನ್ನು ಹೋಗಿ ಕೇಳಲಿಲ್ಲ. ಅವನ ಮನೆ ನಮ್ಮ ಮನೆಯಿಂದ ಒಂದೂವರೆ ಮೈಲಿ.

ಅವನ ಕೆಲಸ ಹೋಯಿತು. ಆಮೇಲೆ ತಿಳಿಯಿತು, ಲಾರಿಯ ಸುಳಿವನ್ನು ಮೇಲಿನವರಿಗೆ ಮೊದಲು ಕೊಟ್ಟವನು ಅವನೇ ಆಗಿದ್ದ. ಒಂದು ಸಂಜೆ ಅವನು ನಮ್ಮ ಅಂಗಳಕ್ಕೆ ಬಂದ. ಬೈಯಲಿಲ್ಲ. ‘ತಮ್ಮಾ, ಇದನ್ನು ಹೇಗೆ ಬರೆದಿರೋ ಹಾಗೆಯೇ ಅಲ್ಲ ಎಂದು ಇನ್ನೊಮ್ಮೆ ಬರೆಯುತ್ತೀರಾ?’ ಎಂದು ಕೇಳಿದ. ಬರೆಯುತ್ತೇವೆ ಎಂದೆ. ಆದರೆ ಕಾಗದಕ್ಕೆ ದುಡ್ಡಿರಲಿಲ್ಲ, ಯಂತ್ರವನ್ನು ಅದರ ಒಡೆಯರು ವಾಪಸು ಒಯ್ದಿದ್ದರು, ಗೆಳೆಯರಲ್ಲಿ ಇಬ್ಬರು ಊರು ಬಿಟ್ಟಿದ್ದರು. ಮುಂದಿನ ಸಂಚಿಕೆ ಬರಲೇ ಇಲ್ಲ. ತಿದ್ದುಪಡಿ ಇಂದಿಗೂ ಅಚ್ಚಾಗಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ವಿಚಿತ್ರವಾಗಿ ತೋರಬಹುದು. ಒಂದು ಸಂಚಿಕೆಯನ್ನು ಹೊರತರುವ ಮೊದಲು ಅದರ ಮುಂದಿನ ಸಂಚಿಕೆಯ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಎತ್ತಿಡಿ. ಅದು ತಿದ್ದುಪಡಿಯ ದುಡ್ಡು. ಯಾರ ಮೇಲೆ ಆರೋಪವಿದೆಯೋ ಅವರನ್ನು ಕಂಡು ಮಾತಾಡಿಸದೆ ಒಂದು ಸಾಲನ್ನೂ ಹಾಕಬೇಡಿ. ಮಾನಹಾನಿ ಅಪರಾಧವೆಂಬುದು ಹಳೆಯ ದಂಡಸಂಹಿತೆಯಲ್ಲಿದ್ದಂತೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ, ಆ ಭಯ ಒಂದು ಕಡೆಗಿರಲಿ. ಒಂದೂವರೆ ಮೈಲಿ ನಡೆಯಲು ಸೋಮಾರಿತನ ಮಾಡಿದವರಿಗೆ ಕಾನೂನು ಕೊಡುವ ಶಿಕ್ಷೆ ಚಿಕ್ಕದೇ. ಮಕ್ಕಳು ತೊಂದರೆಗೊಳಗಾದ ಪ್ರಕರಣಗಳಲ್ಲಿ ಮಗುವಿನ ಹೆಸರು, ಶಾಲೆ, ಮನೆ, ಚಿತ್ರ ಯಾವುದನ್ನೂ ಹೊರಗೆಡಹಬಾರದು. ಇದರಲ್ಲಿ ರಿಯಾಯಿತಿಯಿಲ್ಲ.

ಈಗ ರೂಪದ ಮಾತು. ಗೋಡೆ ಪತ್ರಿಕೆಯಿಂದ ಆರಂಭಿಸಿ ಎಂದು ನಾನು ಹೇಳುವೆ. ಸೊಸೈಟಿ, ನ್ಯಾಯಬೆಲೆ ಅಂಗಡಿ, ಮೀನು ಮಾರುಕಟ್ಟೆ, ಬಸ್ ತಂಗುದಾಣ, ಇಂಥ ಹತ್ತು ಕಡೆ ಹದಿನೈದು ದಿನಕ್ಕೊಮ್ಮೆ ದಪ್ಪ ಅಕ್ಷರದ ಒಂದು ಹಾಳೆ. ಮಳೆಗಾಲದಲ್ಲಿ ವಿದ್ಯುತ್ ಹೋಗುತ್ತದೆ, ಮೊಬೈಲ್ ಗೋಪುರ ಮಲಗುತ್ತದೆ, ಗೋಡೆ ಮಾತ್ರ ನಿಂತಿರುತ್ತದೆ. ಅದೇ ಹಾಳೆಯನ್ನು ನಾಲ್ಕು ನಿಮಿಷದ ಧ್ವನಿಯಾಗಿ ಓದಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಿ. ಗೋವಾದಲ್ಲಿ ದುಡಿಯುವ ನಮ್ಮ ಹುಡುಗರಿಗೂ ಅದು ತಲುಪುತ್ತದೆ. ಛತ್ತೀಸಗಡದಲ್ಲಿ 2010ರಲ್ಲಿ ಆರಂಭವಾದ ‘ಸಿಜಿನೆಟ್ ಸ್ವರ’ದಲ್ಲಿ ಆದಿವಾಸಿಗಳು ಸಾದಾ ಫೋನಿನಿಂದ ಕರೆ ಮಾಡಿ ತಮ್ಮ ಸುದ್ದಿಯನ್ನು ತಾವೇ ಹೇಳಿದರು, ದುಬಾರಿ ಫೋನು ಅದಕ್ಕೆ ಬೇಕಾಗಲಿಲ್ಲ. ಮುದ್ರಿತ ನಿಯತಕಾಲಿಕೆಯಾಗಿ ಬೆಳೆಯುವ ದಿನ ಬಂದರೆ ನೋಂದಣಿ ಮಾಡಿಸಿ. 1867ರ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಪ್ರತಿ ಸಂಚಿಕೆಯ ಹಿಂದೆ ಅಂಥ ಒಂದಾದರೂ ಅರ್ಜಿ ಇರಲಿ.

ಭಾಷೆಯ ಬಗ್ಗೆ ಇಲ್ಲಿ ಜಗಳವಾಗುವುದು ನನಗೆ ಗೊತ್ತು. ಕಾರವಾರದ ಮನೆಗಳಲ್ಲಿ ಕೊಂಕಣಿ, ಅಂಕೋಲೆಯಲ್ಲಿ ನಮ್ಮ ಕನ್ನಡ, ಅದರೊಳಗೂ ಹಾಲಕ್ಕಿಗಳದು ಬೇರೆ ಲಯ. ಹಾಳೆ ಕನ್ನಡದಲ್ಲಿರಲಿ, ಧ್ವನಿ ಆಯಾ ಕೇರಿಯ ನುಡಿಯಲ್ಲಿರಲಿ. ಯಾರ ಮಾತನ್ನೂ ತಿದ್ದಿ ಶುದ್ಧಗೊಳಿಸಲು ಹೋಗಬೇಡಿ. ನಾನಿಂದು ಮಾತಾಡುತ್ತಿರುವ ಈ ಗ್ರಾಂಥಿಕ ಕನ್ನಡವನ್ನಂತೂ ಅನುಕರಿಸಲೇಬೇಡಿ!

ಇಷ್ಟರಲ್ಲೇ ನಾವು ಕಳೆದುಕೊಂಡದ್ದರ ನೆನಪಾಗುತ್ತಿದೆ. 2024ರ ಡಿಸೆಂಬರ್ 16ರಂದು ಹೊನ್ನಳ್ಳಿಯ ತುಳಸಿ ಗೌಡರು ಹೋದರು. ಎರಡು ತಿಂಗಳೊಳಗೆ, 2025ರ ಫೆಬ್ರವರಿ 13ರಂದು, ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹೋದರು. ಇಬ್ಬರಿಗೂ ಪದ್ಮಶ್ರೀ ಬಂದಾಗ ದೇಶದ ಪತ್ರಿಕೆಗಳೆಲ್ಲ ಚಿತ್ರ ಹಾಕಿದವು. ತುಳಸಜ್ಜಿ ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದ ಚಿತ್ರ ಎಲ್ಲರ ಮೊಬೈಲಿನಲ್ಲಿದೆ. ಆದರೆ ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕು, ಎಂಥ ತಾಯಿಮರದಿಂದ ಆರಿಸಬೇಕು ಎಂದು ಆ ಅಜ್ಜಿ ಬಲ್ಲದ್ದನ್ನೆಲ್ಲ ಅವರ ದನಿಯಲ್ಲೇ, ತಿಂಗಳು ತಿಂಗಳಾಗಿ ಧ್ವನಿಮುದ್ರಿಸಿಕೊಂಡು ನಮ್ಮೂರಿನ ಶಾಲೆಯಲ್ಲಿ ಇಟ್ಟಿದ್ದೇವೆಯೇ? ಪ್ರಶಸ್ತಿಯ ಸುದ್ದಿಗೆ ದೆಹಲಿಯ ಕ್ಯಾಮೆರಾ ಸಾಕು. ಬೀಜದ ಸುದ್ದಿಗೆ ಪಕ್ಕದ ಮನೆಯ ಹುಡುಗಿಯೇ ಬೇಕು. ಅಂಥ ಅಜ್ಜಿಯರು ಇನ್ನೂ ಪ್ರತಿ ಕೊಪ್ಪದಲ್ಲಿದ್ದಾರೆ. ಅವರಿಗೆ ಪ್ರಶಸ್ತಿ ಬರುವವರೆಗೆ ಕಾಯಬೇಡಿ.

ಹುಡುಗಿಯರ ಮಾತು ಬಂತು. ಈ ಸಭೆಯಲ್ಲಿ ಅರ್ಧದಷ್ಟು ತಂಗಿಯರಿದ್ದಾರೆ, ಸಂತೋಷ. ನಾಳೆ ಸಂಪಾದಕ ಮಂಡಳಿ ಮಾಡುವಾಗ ಅವರು ‘ಅಕ್ಷರ ಚೆನ್ನಾಗಿದೆ, ಬರೆದು ಕೊಡಲಿ’ ಎಂಬ ಜಾಗಕ್ಕೆ ಸರಿಯಬಾರದು. ಸಂಜೆ ಆರರ ನಂತರ ಸಭೆ ಇಟ್ಟರೆ ಅವರು ಬರಲಾರರು ಎಂಬುದನ್ನು ತಿಳಿದೂ ಆರರ ನಂತರವೇ ಸಭೆ ಇಡುವ ಸಂಘಗಳನ್ನು ನಾನು ಬಹಳ ನೋಡಿದ್ದೇನೆ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುತ್ತಿಗೆದಾರರ, ಯೋಜನಾ ಕಂಪನಿಗಳ, ಚುನಾವಣೆಗೆ ನಿಲ್ಲುವವರ ಜಾಹೀರಾತು ಬೇಡ. ಚಳವಳಿಯವರಾದ ನಮ್ಮ ಹಣವೂ ಒಂದು ಮಿತಿಯಲ್ಲೇ ಇರಲಿ, ಏಕೆಂದರೆ ನಮ್ಮ ತಪ್ಪನ್ನೂ ನೀವು ಬರೆಯಬೇಕಾದ ದಿನ ಬರುತ್ತದೆ. ಬಂದರು ಬೇಕೆನ್ನುವ ಯುವಕನೂ ಊರಿನವನೇ. ಸೀಬರ್ಡ್ ನೌಕಾನೆಲೆಗಾಗಿ ನೆಲ ಬಿಟ್ಟ ಮನೆಯ ಮಗ ಅದೇ ನೌಕಾನೆಲೆಯಲ್ಲಿ ಕೆಲಸ ಕೇಳುತ್ತಾನೆ. ಅವನ ಮಾತಿಗೂ ನಿಮ್ಮ ಹಾಳೆಯಲ್ಲಿ ಜಾಗ ಇರದಿದ್ದರೆ ಅದನ್ನು ಕರಪತ್ರವೆಂದು ಕರೆಯಿರಿ, ಪತ್ರಿಕೆಯೆನ್ನಬೇಡಿ. ಹಾಳೆಯೊಂದಕ್ಕೆ ಓದುಗರು ಕೊಡುವ ಎರಡು ರೂಪಾಯಿ, ಊರಿಗೊಂದು ಡಬ್ಬಿ, ಲೆಕ್ಕ ಅದೇ ಗೋಡೆಯ ಮೇಲೆ. ನಡೆಸುವವರು ಮೂವತ್ತು ವರ್ಷಕ್ಕೆ ನಿವೃತ್ತರಾಗಬೇಕೆಂಬ ನಿಯಮ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ನಮ್ಮಂಥ ಮುದುಕರು ಸಲಹಾ ಸಮಿತಿಯೆಂಬ ಹೆಸರಿನಲ್ಲಿ ಹಿಂಬಾಗಿಲಿನಿಂದ ಬಂದು ಕುರ್ಚಿ ಹಿಡಿಯದಂತೆ ನೋಡಿಕೊಳ್ಳಿ.

ಊಟದ ನಂತರ ನೀವು ಮೂರು ಗುಂಪುಗಳಾಗಬೇಕೆಂದು ಸಂಘಟಕರನ್ನು ಕೇಳಿಕೊಂಡಿದ್ದೇನೆ. ಯಲ್ಲಾಪುರ, ಶಿರಸಿಯವರು ಬೇಡ್ತಿ ಮತ್ತು ಶಾಲ್ಮಲೆಯ ದಂಡೆಯ ಯಾವ ಯಾವ ಊರಿನಲ್ಲಿ ಮಳೆ, ನೀರಿನ ಮಟ್ಟ ನೋಡಿ ಕೆಳಗಿನವರಿಗೆ ಫೋನು ಮಾಡಬಲ್ಲವರು ಇದ್ದಾರೆಂಬ ಪಟ್ಟಿ ಮಾಡಲಿ. ಫೋನು ಸತ್ತಾಗ ಬೈಕಿನಲ್ಲಿ ಯಾರು ಹೊರಡುತ್ತಾರೆ ಎಂಬುದನ್ನೂ ಬರೆಯಲಿ. ಕಾರವಾರದವರು ಕಾಳಿಯ ಮಟ್ಟಿಗೆ ಅದನ್ನೇ ಮಾಡಲಿ. ಕದ್ರಾದ ಬಾಗಿಲು ತೆರೆದ ಸುದ್ದಿ ಕಿನ್ನರಕ್ಕೆ ಮುಟ್ಟಲು ಈಗ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಅಲ್ಲಿಯವರನ್ನೇ ಕೇಳಿ ಬರೆದುಕೊಳ್ಳಲಿ. ಅಂಕೋಲೆಯವರು ನನ್ನೊಡನೆ ಉಳುವರೆಗೆ ಬನ್ನಿ. ಅಲ್ಲಿ ಯಾರನ್ನೂ ಸಂದರ್ಶನ ಮಾಡುವುದು ಬೇಡ, ಮೊಬೈಲ್ ಕಿಸೆಯಲ್ಲೇ ಇರಲಿ. ಗೋಡೆ ಪತ್ರಿಕೆ ಅಂಟಿಸಲು ಅವರ ಊರಿನಲ್ಲಿ ಯಾವ ಗೋಡೆ ಕೊಡುತ್ತಾರೆಂದು ಕೇಳಿ ಬರೋಣ. ದೋಣಿಯವರಿಗೆ ಮೂರು ಗಂಟೆಗೆ ಬರುತ್ತೇವೆಂದು ಹೇಳಿಯಾಗಿದೆ.